ಹೊಯ್ ಆನ್ ಬೀದಿಯಲ್ಲಿ ಒಂದು ಸಂಜೆ

ದೇಶ ಸುತ್ತು, ಕೋಶ ಓದು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಈ ಎರಡು ಕೆಲಸಗಳನ್ನೂ ಒಂದೇ ಸಂಜೆ, ಅದೂ ತಿಂಡಿ ತಿನ್ನುತ್ತ ತಿನ್ನುತ್ತ, ಮಾಡಿ ಮುಗಿಸಬಹುದಾದ ಒಂದು ಊರು ಉಂಟು. ಅದು ವಿಯೆಟ್ನಾಂ ದೇಶದ ನಡುಭಾಗದಲ್ಲಿ, ಥು ಬೋನ್ ನದಿ ಸಮುದ್ರವನ್ನು ಸೇರುವಲ್ಲಿ ಇರುವ ಹೊಯ್ ಆನ್ ಎಂಬ ಹಳೆಯ ಪಟ್ಟಣ. ಡಾ ನಾಂಗ್ ವಿಮಾನ ನಿಲ್ದಾಣದಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರ್. ಹಿಂದೆ ಇದು ಕ್ವಾಂಗ್ ನಾಮ್ ಪ್ರಾಂತಕ್ಕೆ ಸೇರಿತ್ತು. 2025ರ ಜುಲೈಯಲ್ಲಿ ಆ ಪ್ರಾಂತವನ್ನೇ ಡಾ ನಾಂಗ್ ನಗರದೊಡನೆ ಕೂಡಿಸಿದರು. ಈಚಿನ ವರ್ಷಗಳಲ್ಲಿ ನಮ್ಮ ಕಡೆಯವರು ಅನೇಕರು ಅಲ್ಲಿಗೆ ಪ್ರವಾಸ ಹೋಗಿಬರುತ್ತಿದ್ದಾರೆ. ಬಣ್ಣದ ಗೂಡುದೀಪಗಳ ಕೆಳಗೆ ನಿಂತು ಚಿತ್ರ ತೆಗೆಸಿಕೊಂಡು, ಹೋಟೆಲಿನಲ್ಲಿ ಬ್ರೆಡ್ಡು ಜಾಮು ತಿಂದು ಮರಳುವವರೂ ಉಂಟು. ಅಂಥವರು ಊರಿನ ಹೊದಿಕೆಯನ್ನು ನೋಡಿದರು, ಪುಸ್ತಕವನ್ನು ಬಿಚ್ಚಲಿಲ್ಲ ಎನ್ನಬೇಕು. ಹೊಯ್ ಆನ್ ಪಟ್ಟಣದ ಚರಿತ್ರೆ ಅದರ ಬೀದಿಯ ತಿಂಡಿಯಲ್ಲಿ ಇದೆ. ಬನ್ನಿ, ಒಂದು ಸಂಜೆ ಆ ಬೀದಿಗಳಲ್ಲಿ ನಡೆದು ನೋಡೋಣ.

ಹೊರಡುವ ಮುನ್ನ ಎರಡು ಮಾತು. ಹೊತ್ತು ಇಳಿದ ಮೇಲೆ, ಐದು ಗಂಟೆಯ ಸುಮಾರಿಗೆ ಹೊರಡಿ. ಹಗಲಿನ ಬಿಸಿಲಿನಲ್ಲಿ ಅಲ್ಲಿ ನಡೆಯುವುದು ಸುಖವಲ್ಲ. ಸಂಜೆ ಹಳೆಯ ಪೇಟೆಯೊಳಕ್ಕೆ ಮೋಟಾರು ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ ಮಕ್ಕಳ ಕೈಹಿಡಿದು ನಿಶ್ಚಿಂತೆಯಾಗಿ ನಡೆಯಬಹುದು. ಇನ್ನೊಂದು, ಹಣದ ಮಾತು. ಅಲ್ಲಿನ ನಾಣ್ಯ ಡಾಂಗ್. ಲೆಕ್ಕವೆಲ್ಲ ಸಾವಿರ, ಲಕ್ಷಗಳಲ್ಲಿ. 20 ಸಾವಿರದ ನೋಟು ನೀಲಿ, 5 ಲಕ್ಷದ ನೋಟೂ ನೀಲಿಯ ಛಾಯೆಯದೇ. ದೀಪದ ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟು ಪೇಚಾಡುವವರು ಇದ್ದಾರೆ. ಆ 20 ಸಾವಿರದ ನೋಟಿನ ಹಿಂಬದಿಯನ್ನು ತಿರುವಿ ನೋಡಿ. ಮಾಡು ಹೊದಿಸಿದ ಒಂದು ಸೇತುವೆಯ ಚಿತ್ರವಿದೆ. ಅದು ಇದೇ ಊರಿನ ಸೇತುವೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ನೀವು ಅದರ ಮುಂದೆ ನಿಲ್ಲುವಿರಿ.

ಇಷ್ಟು ಚಿಕ್ಕ ಊರಿನ ಸೇತುವೆ ದೇಶದ ನೋಟಿನ ಮೇಲೆ ಏಕೆ ಬಂತು? ಹೊಯ್ ಆನ್ ಒಂದು ಕಾಲಕ್ಕೆ ಚಿಕ್ಕ ಊರಾಗಿರಲಿಲ್ಲ. 16 ಮತ್ತು 17ನೆಯ ಶತಮಾನಗಳಲ್ಲಿ ಅದು ಆಗ್ನೇಯ ಏಷ್ಯದ ದೊಡ್ಡ ಬಂದರುಗಳಲ್ಲೊಂದು. ಯೂರೋಪಿನವರು ಅದನ್ನು ಫೈಫೋ ಎಂದು ಕರೆದರು. ದಕ್ಷಿಣದ ನಾಡನ್ನು ಆಳುತ್ತಿದ್ದ ನ್ಗುಯೆನ್ ಮನೆತನದ ಒಡೆಯರು ಪರದೇಶದ ವರ್ತಕರಿಗೆ ಬಾಗಿಲು ತೆರೆದರು. ಜಪಾನಿನವರು, ಚೀನದವರು, ಪೋರ್ಚುಗೀಸರು, ಡಚ್ಚರು ಬಂದರು. ರೇಷ್ಮೆ, ಪಿಂಗಾಣಿ, ಸಕ್ಕರೆ, ಮೆಣಸು, ಅಗರು ಇವುಗಳ ವ್ಯಾಪಾರ. ಆ ಕಾಲದ ಹಡಗುಗಳು ಗಾಳಿಯನ್ನು ನಂಬಿದವು. ಒಂದು ಮಾರುತದಲ್ಲಿ ಬಂದವರು ಇನ್ನೊಂದು ಮಾರುತ ಬೀಸುವವರೆಗೆ ತಿಂಗಳುಗಟ್ಟಲೆ ಇಲ್ಲೇ ತಂಗಬೇಕಾಗಿತ್ತು. ತಂಗಿದವರು ಮನೆ ಮಾಡಿದರು. ಮನೆ ಮಾಡಿದ ಮೇಲೆ ಒಲೆ ಹೂಡಲೇಬೇಕಲ್ಲ! ಬೀದಿಯ ತಿಂಡಿಗಳ ಕಥೆ ಇಲ್ಲಿಂದ ಮೊದಲಾಗುತ್ತದೆ.

ನಡಿಗೆಯನ್ನು ನದಿಯ ದಂಡೆಯ ಮಾರುಕಟ್ಟೆಯಿಂದ ತೊಡಗಿಸುವುದು ಒಳ್ಳೆಯದು. ಸೊಪ್ಪಿನ ರಾಶಿಗಳನ್ನು ಮೊದಲು ನೋಡಿ. ಪುದೀನ, ಕೊತ್ತಂಬರಿ, ತುಳಸಿಯ ಜಾತಿಯ ಎಲೆಗಳು, ಬಾಳೆ ಹೂವನ್ನು ಎಳೆಎಳೆಯಾಗಿ ಹೆಚ್ಚಿ ನೀರಿನಲ್ಲಿ ಹಾಕಿಟ್ಟಿರುವುದು. ಅಲ್ಲಿನವರು ಇವನ್ನು ಬೇಯಿಸದೆ, ಹಸಿಯಾಗಿ, ಊಟದ ಅರ್ಧಭಾಗವೆಂಬಂತೆ ತಿನ್ನುತ್ತಾರೆ. ಊರ ಹೊರಗಿನ ಟ್ರಾ ಕ್ವೇ ಹಳ್ಳಿಯ ಸೊಪ್ಪಿಗೆ ವಿಶೇಷ ಹೆಸರು. ಅಲ್ಲಿನ ರೈತರು ನೀರಿನ ಪಾಚಿಯನ್ನು ತೆಗೆದು ಮಣ್ಣಿಗೆ ಗೊಬ್ಬರವಾಗಿ ಕೂಡಿಸುತ್ತಾರೆ. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಆ ಹಳ್ಳಿಯನ್ನು ಉತ್ತಮ ಪ್ರವಾಸಿ ಗ್ರಾಮಗಳಲ್ಲಿ ಒಂದೆಂದು ಆರಿಸಿತು. ಸೊಪ್ಪಿನ ಪಕ್ಕದಲ್ಲೇ ಅರಿಶಿನದ ಕೊಂಬು, ಕೆಂಪು ಮೆಣಸಿನಕಾಯಿ, ನೆಲಗಡಲೆ, ಮುಸುಕಿನ ಜೋಳ. ಕೊನೆಯ ಮೂರೂ ಅಮೆರಿಕ ಖಂಡದಿಂದ ಹೊರಟು ಹಡಗು ಹತ್ತಿ ಬಂದ ಪದಾರ್ಥಗಳು. ನಮ್ಮ ಅಡುಗೆಮನೆಗೂ ಅವು ಹಾಗೆಯೇ ಬಂದವು. ಮೆಣಸು ನಮಗೆ ಮೊದಲೇ ಇತ್ತು. ಹೊಸದಾಗಿ ಬಂದ ಖಾರದ ಕಾಯಿಗೆ ನಾವು ಮೆಣಸಿನಕಾಯಿ ಎಂದು ಹೆಸರಿಟ್ಟೆವು.

ಮಾರುಕಟ್ಟೆಯಿಂದ ಒಳಗಿನ ಓಣಿಗಳಿಗೆ ತಿರುಗಿದರೆ ಬಾ ಲೇ ಎಂಬ ಚೌಕಾಕಾರದ ಒಂದು ಹಳೆಯ ಬಾವಿ ಸಿಕ್ಕುತ್ತದೆ. ನೋಡಲು ಏನೂ ವಿಶೇಷವಿಲ್ಲ. ಆದರೆ ಈ ಊರಿಗೇ ಮೀಸಲಾದ ಕಾವ್ ಲಾವ್ ಎಂಬ ಶಾವಿಗೆಗೆ ಇದೇ ಬಾವಿಯ ನೀರು ಆಗಬೇಕು ಎಂಬುದು ಊರವರ ನಂಬಿಕೆ. ನಲ್ಲಿಯ ನೀರು ಬಂದ ಮೇಲೂ ಈ ಬಾವಿಯ ನೀರನ್ನು ಸೇದಿ, ಕಾವಡಿಯಲ್ಲಿ ಹೊತ್ತು, ಮನೆಮನೆಗೆ ಕೊಟ್ಟು ಬದುಕಿದವರು ಇದ್ದರು.

ಕಾವ್ ಲಾವ್ ಶಾವಿಗೆ ಮಾಡುವ ಬಗೆ ಕೇಳತಕ್ಕದ್ದು. ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಆ ತಿಳಿಯಲ್ಲಿ ಅಕ್ಕಿಯನ್ನು ನೆನೆಸುತ್ತಾರೆ. ಬೂದಿಗೆ ಎದುರಿನ ಚಾಮ್ ದ್ವೀಪದ ಮರವೇ ಶ್ರೇಷ್ಠ ಎಂದು ಹಿಂದಿನಿಂದ ಹೇಳಿಕೆ. ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರು ಬಸಿದು, ಹಿಟ್ಟನ್ನು ಚೆನ್ನಾಗಿ ನಾದಿ, ಹಬೆಯಲ್ಲಿ ಬೇಯಿಸಿ, ಲಟ್ಟಿಸಿ, ಕತ್ತರಿಸಿ, ಮತ್ತೊಮ್ಮೆ ಹಬೆಯಲ್ಲಿ ಬೇಯಿಸುತ್ತಾರೆ. ಬೂದಿನೀರು ಏಕೆ? ಮನೆಯಲ್ಲಿ ಹಪ್ಪಳ ಮಾಡಿದವರಿಗೆ ಇದು ಹೊಸದಲ್ಲ. ಹಪ್ಪಳದ ಹಿಟ್ಟಿಗೆ ಹಪ್ಪಳಖಾರ ಬೆರೆಸುತ್ತೀರಲ್ಲವೆ? ಬೂದಿಯ ತಿಳಿಯಲ್ಲಿಯೂ ಅಂಥದೇ ಕ್ಷಾರ ಉಂಟು. ಕ್ಷಾರ ಸೇರಿದ ಹಿಟ್ಟು ಬಿಗಿಯಾಗುತ್ತದೆ, ಬಣ್ಣ ಕೊಂಚ ಹಳದಿಗೆ ತಿರುಗುತ್ತದೆ. ಆದಕಾರಣ ಕಾವ್ ಲಾವ್ ಎಳೆ ಮಾಮೂಲು ಅಕ್ಕಿ ಶಾವಿಗೆಯ ಹಾಗೆ ಬಾಯಿಯಲ್ಲಿ ಕರಗುವುದಿಲ್ಲ. ಹಲ್ಲಿಗೆ ಸಿಕ್ಕಿ ಅಗಿಯುವಂತಿರುತ್ತದೆ.

ಬಟ್ಟಲಿನ ತಳಕ್ಕೆ ಸೊಪ್ಪು ಮತ್ತು ಮೊಳಕೆ, ಮೇಲೆ ಶಾವಿಗೆ, ಅದರ ಮೇಲೆ ಮಸಾಲೆಯಲ್ಲಿ ಬೇಯಿಸಿದ ಹಂದಿಮಾಂಸದ ತೆಳು ತುಂಡುಗಳು, ಅದೇ ಹಿಟ್ಟನ್ನು ಚೌಕವಾಗಿ ಕತ್ತರಿಸಿ ಕರಿದ ಗರಿಗರಿ ಚೂರುಗಳು, ಕೊನೆಗೆ ಎರಡು ಮೂರು ಚಮಚ ಸಾರು. ವಿಯೆಟ್ನಾಮಿನ ಬೇರೆ ಊರುಗಳಲ್ಲಿ ಶಾವಿಗೆ ಸಾರಿನಲ್ಲಿ ಈಜುತ್ತದೆ. ಇಲ್ಲಿ ಸಾರು ಬರಿಯ ನೆಪಕ್ಕೆ. ಈ ತಿಂಡಿ ಯಾರದು? ದಪ್ಪ ಎಳೆಯನ್ನು ನೋಡಿ ಜಪಾನಿನವರದೆನ್ನುವರು ಕೆಲವರು. ಮಾಂಸದ ಪಾಕವನ್ನು ನೋಡಿ ಚೀನದವರದೆನ್ನುವರು ಕೆಲವರು. ಬಾವಿಯನ್ನು ತೋರಿಸಿ ಚಾಮ್ ಜನರದೆನ್ನುವರು ಮತ್ತೆ ಕೆಲವರು. ಹೆಸರಿಗೆ ಎತ್ತರದ ಮಹಡಿ ಎಂದು ಅರ್ಥ ಹೇಳುತ್ತಾರೆ. ವರ್ತಕರು ಮಹಡಿಯ ಮೇಲೆ ಕುಳಿತು, ಕೆಳಗೆ ತಮ್ಮ ಸರಕಿನ ಮೇಲೆ ಕಣ್ಣಿಟ್ಟು, ಇದನ್ನು ತಿನ್ನುತ್ತಿದ್ದರೆಂಬುದು ಊರಿನ ವಿವರಣೆ. ವ್ಯಾಜ್ಯ ತೀರಿಲ್ಲ, ತೀರಬೇಕಾಗಿಯೂ ಇಲ್ಲ. ಹತ್ತು ದೇಶದವರು ಕೂಡಿ ಬಾಳಿದ ಬಂದರಿನಲ್ಲಿ ಒಂದು ಬಟ್ಟಲಿಗೆ ಒಬ್ಬನೇ ಯಜಮಾನ ಇರುವುದಾದರೂ ಹೇಗೆ?

ಚಾಮ್ ಜನರ ಮಾತು ಬಂದುದರಿಂದ ಒಂದು ಗಳಿಗೆ ನಿಲ್ಲಬೇಕು. ಬಾವಿ ಅವರ ಕಾಲದ್ದೆಂದು ಹೇಳುತ್ತಾರೆ. ವಿಯೆಟ್ನಾಮಿಯರು 1471ರಲ್ಲಿ ಈ ಪ್ರದೇಶವನ್ನು ಗೆಲ್ಲುವುದಕ್ಕೆ ಮೊದಲು ಇದು ಚಂಪಾ ರಾಜ್ಯದ ನೆಲ. ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಮೀ ಸನ್ ಕಣಿವೆಯಲ್ಲಿ ಅವರ ಇಟ್ಟಿಗೆಯ ಶಿವಾಲಯಗಳಿವೆ. ನಾಲ್ಕನೆಯ ಶತಮಾನದ ಕೊನೆಯ ಸುಮಾರಿಗೆ ಭದ್ರವರ್ಮನೆಂಬ ದೊರೆ ಅಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ. ಶಾಸನಗಳು ಸಂಸ್ಕೃತದಲ್ಲಿವೆ, ಲಿಪಿಯು ನಮ್ಮ ಕನ್ನಡ ಲಿಪಿಯ ಹಾಗೆಯೇ ದಕ್ಷಿಣದ ಬ್ರಾಹ್ಮಿಯಿಂದ ಹುಟ್ಟಿದ್ದು. 1969ರ ಯುದ್ಧದ ಬಾಂಬುಗಳಿಂದ ಆ ಗುಡಿಗಳಿಗೆ ಬಹಳ ಹಾನಿಯಾಯಿತು. ಭಾರತದ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗ ದೊರೆಯಿತು. ಹೊಯ್ ಆನ್ ಬೀದಿಯ ಕೆಳಗಿನ ಮಣ್ಣಿಗೂ ನಮಗೂ ಹೀಗೊಂದು ಹಳೆಯ ಪರಿಚಯ ಉಂಟು.

ಈಗ ಟ್ರಾನ್ ಫೂ ಬೀದಿಗೆ ಬನ್ನಿ. ಇದೇ ಹಳೆಯ ಪೇಟೆಯ ಬೆನ್ನೆಲುಬು. ಅರಿಶಿನ ಬಣ್ಣದ ಗೋಡೆ, ಹಂಚಿನ ಮಾಡು, ಬೀದಿಯಿಂದ ಹಿಂದಕ್ಕೆ ಉದ್ದವಾಗಿ ಸರಿಯುವ ಮನೆಗಳು. ನಡುನಡುವೆ ಫೂಜಿಯನ್, ಕ್ಯಾಂಟನ್, ಹೈನಾನ್ ಕಡೆಯ ಚೀನೀಯರು ಕಟ್ಟಿಕೊಂಡ ಸಭಾಮಂದಿರಗಳು. ಚೀನದಲ್ಲಿ 1644ರಲ್ಲಿ ಮಿಂಗ್ ರಾಜವಂಶ ಬಿದ್ದ ಮೇಲೆ ಅನೇಕ ಕುಟುಂಬಗಳು ಇಲ್ಲಿಗೆ ಬಂದು ನೆಲಸಿದವು. ಅವರ ಕೈಯ ಗುರುತು ಎರಡು ತಿಂಡಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು, ಬಿಳಿ ಗುಲಾಬಿ. ಅಕ್ಕಿಹಿಟ್ಟನ್ನು ನೀರಿನಲ್ಲಿ ಹಲವು ಸಲ ತಿಳಿಯಾಗಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಒತ್ತಿ, ನಡುವೆ ಸಿಗಡಿಯ ಹೂರಣವಿಟ್ಟು, ಹೂವಿನಂತೆ ಮಡಿಚಿ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕಡುಬಿನ ದೂರದ ನಂಟ ಎನ್ನಿ. ಒಂದೇ ಮನೆತನದವರು ತಲೆಮಾರುಗಳಿಂದ ಇದನ್ನು ಮಾಡಿ ಊರಿನ ಊಟದಂಗಡಿಗಳಿಗೆ ಒದಗಿಸುತ್ತ ಬಂದಿದ್ದಾರೆ. ಇನ್ನೊಂದು, ಕರಿಎಳ್ಳಿನ ಗಂಜಿ. ಚೀ ಮಾ ಫೂ ಎಂದು ಹೆಸರು. ಕರಿಎಳ್ಳು, ಸಕ್ಕರೆ, ಜೊತೆಗೆ ನಾವು ಒಂದೆಲಗ ಎನ್ನುವ ಸೊಪ್ಪು. ಕಾಡಿಗೆಯಂತಹ ಬಣ್ಣ ನೋಡಿ ಮಕ್ಕಳು ಹಿಂದೆ ಸರಿದರೆ ಬಿಡಬೇಡಿ, ಒಂದು ಚಮಚ ಬಾಯಿಗಿಡಿ.

ಬೀದಿಯ ಪಡುವಣ ತುದಿಯಲ್ಲಿ ನೋಟಿನ ಮೇಲಿನ ಸೇತುವೆ ನಿಂತಿದೆ. 1593ರ ಸುಮಾರಿಗೆ ಜಪಾನೀ ವರ್ತಕರು ಇದನ್ನು ಕಟ್ಟಿದರೆಂದು ಹೇಳಿಕೆ. ಒಂದು ಕೊನೆಗೆ ನಾಯಿಗಳ ಪ್ರತಿಮೆ, ಇನ್ನೊಂದು ಕೊನೆಗೆ ಕೋತಿಗಳದು. ಜಪಾನೀಯರ ಕೇರಿ ಎಷ್ಟು ಬೆಳೆದಿತ್ತೆಂದರೆ, 1619ರಲ್ಲಿ ನ್ಗುಯೆನ್ ಒಡೆಯರ ಮನೆಯ ಹೆಣ್ಣು ಮಗಳನ್ನು ನಾಗಸಾಕಿಯ ವರ್ತಕ ಅರಾಕಿ ಸೋತಾರೊ ಎಂಬಾತನಿಗೆ ಮದುವೆ ಮಾಡಿಕೊಟ್ಟರು. ಆದರೆ 1635ರಲ್ಲಿ ಜಪಾನಿನ ಸರ್ಕಾರ ತನ್ನ ಜನ ಹೊರದೇಶಕ್ಕೆ ಹೋಗಕೂಡದೆಂದು, ಹೋದವರು ಮರಳಕೂಡದೆಂದು ಆಜ್ಞೆ ಮಾಡಿತು. ಹೊಸಬರು ಬರುವುದು ನಿಂತಿತು. ಇದ್ದವರು ಊರಿನವರಲ್ಲಿ ಕರಗಿಹೋದರು. ಉಳಿದದ್ದು ಸೇತುವೆ, ಕೆಲವು ಗೋರಿಗಳು, ಪ್ರಾಯಶಃ ಬಟ್ಟಲಿನಲ್ಲಿನ ಆ ದಪ್ಪ ಎಳೆ. ಶಿಥಿಲವಾಗಿದ್ದ ಸೇತುವೆಯನ್ನು ಬಿಚ್ಚಿ ದುರಸ್ತಿ ಮಾಡಿ 2024ರ ಆಗಸ್ಟಿನಲ್ಲಿ ಮತ್ತೆ ತೆರೆದರು.

ಇಷ್ಟರಲ್ಲಿ ಬ್ರೆಡ್ಡಿನ ವಾಸನೆ ಮೂಗಿಗೆ ಬಡಿದಿರುತ್ತದೆ. ಬ್ರೆಡ್ಡು ಫ್ರೆಂಚರ ಕಾಣಿಕೆ. 1858ರಲ್ಲಿ ಡಾ ನಾಂಗ್ ಮೇಲೆ ಹಡಗಿನ ಪಡೆ ತಂದು ಬಿದ್ದವರು ಸುಮಾರು ಒಂದು ನೂರು ವರ್ಷ ಅಲ್ಲಿ ಬೇರೂರಿದರು. ನಮ್ಮ ಪಡುವಣ ತೀರದಲ್ಲಿ ಪೋರ್ಚುಗೀಸರ ಪಾವ್ ಊರಿನದಾದಂತೆ ಅಲ್ಲಿ ಫ್ರೆಂಚರ ಉದ್ದ ಬ್ರೆಡ್ಡು ಬಾನ್ ಮೀ ಎಂಬ ಹೆಸರು ಪಡೆಯಿತು. ಅದನ್ನು ಸೀಳಿ ಮಾಂಸ, ಸೌತೆಕಾಯಿ, ಉಪ್ಪಿನಲ್ಲಿ ಹಾಕಿದ ತರಕಾರಿ, ಸೊಪ್ಪು, ಮೆಣಸಿನಕಾಯಿಯ ಗೊಜ್ಜು ತುಂಬುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. 2023ರ ಸೆಪ್ಟೆಂಬರಿನಲ್ಲಿ ಈ ಊರಿನ ಒಂದು ಅಂಗಡಿಯ ಬ್ರೆಡ್ಡು ತಿಂದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸೆಕೆಯ ಊರಿನಲ್ಲಿ ಬೇಯಿಸಿಟ್ಟ ಮಾಂಸ ಬೇಗ ಕೆಡುತ್ತದೆ. ನಿಮ್ಮ ಕಣ್ಣೆದುರಿಗೆ ಬೇಯಿಸಿ ಬಿಸಿಯಾಗಿ ಕೊಡುವ ಕಡೆ, ಊರವರು ತಾವೇ ಕುಳಿತು ತಿನ್ನುವ ಕಡೆ ತಿನ್ನಿ. ಹಸಿ ಸೊಪ್ಪು ಹೊಟ್ಟೆಗೆ ಆಗದವರು ಅದನ್ನು ಬಿಡುವುದು ಲೇಸು. ನೀರು ಬಾಟಲಿಯದೇ ಇರಲಿ.

ಸೇತುವೆಯ ಬಳಿಯಿಂದ ನದಿಗೆ ಇಳಿದು ಆನ್ ಹೊಯ್ ಎಂಬ ಎದುರು ದಡಕ್ಕೆ ದಾಟಿದರೆ ರಾತ್ರಿಯ ಸಂತೆ. ಮಣೆಗಿಂತ ಸ್ವಲ್ಪವೇ ಎತ್ತರದ ಪ್ಲಾಸ್ಟಿಕ್ ಪೀಠಗಳ ಮೇಲೆ ಕುಳಿತುಕೊಳ್ಳಬೇಕು. ಇಲ್ಲಿ ಕಿವಿಗೆ ಪರಿಚಿತವಾದ ಒಂದು ಸದ್ದು ಕೇಳಿಸುತ್ತದೆ. ಅಕ್ಕಿಹಿಟ್ಟಿಗೆ ಅರಿಶಿನ ಬೆರೆಸಿ, ಕಾದ ಬಾಣಲೆಗೆ ಹುಯ್ದಾಗ ಚುಂಯ್ ಎನ್ನುತ್ತದಲ್ಲ, ಅದನ್ನು ವಿಯೆಟ್ನಾಮಿಯರ ಕಿವಿ ಸೆಯೋ ಎಂದು ಕೇಳಿಸಿಕೊಂಡಿತು. ತಿಂಡಿಯ ಹೆಸರೂ ಬಾನ್ ಸೆಯೋ. ನಮ್ಮ ದೋಸೆಯಂತೆ ಹಿಟ್ಟನ್ನು ಹುಳಿಸುವುದಿಲ್ಲ. ಒಳಗೆ ಸಿಗಡಿ, ಮೊಳಕೆ ಇಟ್ಟು ಮಡಿಚಿ, ಸೊಪ್ಪಿನೊಡನೆ ತೆಳ್ಳನೆಯ ಅಕ್ಕಿಹಾಳೆಯಲ್ಲಿ ಸುತ್ತಿ, ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಾರೆ. ಇನ್ನೊಂದು ಬಾನ್ ಡಾಪ್. ಸುಟ್ಟ ಅಕ್ಕಿ ಹಪ್ಪಳದ ಮೇಲೆ ಹಬೆಯಲ್ಲಿ ಬೆಂದ ಮೆತ್ತನೆಯ ಅಕ್ಕಿಹಾಳೆ ಅಂಟಿಸಿ, ಕೈಯಿಂದ ಗುದ್ದಿ ಮುರಿದು ತಿನ್ನುವುದು. ಡಾಪ್ ಎಂದರೇ ಗುದ್ದು. ಪಕ್ಕದ ಕಾಮ್ ನಾಮ್ ದ್ವೀಪದಲ್ಲಿ ಇದನ್ನು ಹೊಳೆಯ ಸಣ್ಣ ಮರುವಾಯಿಯ ಪಲ್ಯದೊಡನೆ ಕೊಡುತ್ತಾರೆ.

ಇಷ್ಟು ಓದಿದ ಮೇಲೆ ಸಸ್ಯಾಹಾರಿಗಳು, ನಮಗೇನು ಉಳಿಯಿತು ಎಂದು ಕೇಳಬಹುದು. ಉಳಿದಿರುವುದು ಕಡಮೆಯೇನಲ್ಲ. ಬೌದ್ಧ ಮನೆಗಳಲ್ಲಿ ಚಾಂದ್ರಮಾನ ತಿಂಗಳ ಮೊದಲನೆಯ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹುಣ್ಣಿಮೆಯಂದು, ಅನೇಕರು ಮಾಂಸ ಮೀನು ಮುಟ್ಟುವುದಿಲ್ಲ. ಅಂಥ ಊಟಕ್ಕೆ ಚಾಯ್ ಎಂದು ಹೆಸರು. ನಾವು ಕುಡಿಯುವ ಚಹಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿನ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರಾದ್ದರಿಂದ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರಗಳ ಫಲಕ ಕಂಡರೆ ಒಳಗೆ ಹೋಗಿ. ಹುರುಳಿಯಷ್ಟೂ ಅನುಮಾನವಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ನ್ಯೂಕ್ ಮಾಮ್ ಹಾಕಿದ್ದೀರಾ? ಅದು ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ. ಬರಿಯ ತರಕಾರಿಯ ಪಲ್ಯಕ್ಕೂ ಅದನ್ನು ಹಾಕುವ ವಾಡಿಕೆ. ಕಾವ್ ಲಾವ್ ಕೂಡ ಮಾಂಸದ ಬದಲು ಸೋಯಾ ಗಿಣ್ಣು ಹಾಕಿ ಚಾಯ್ ರೂಪದಲ್ಲಿ ಸಿಕ್ಕುತ್ತದೆ. ಸಿಹಿಯಲ್ಲಂತೂ ಭಯವಿಲ್ಲ: ಎಳ್ಳಿನ ಗಂಜಿ, ತೆಂಗಿನ ಹಾಲು ಸೇರಿದ ಮುಸುಕಿನ ಜೋಳದ ಪಾಯಸ, ಶುಂಠಿಯ ಪಾಕದಲ್ಲಿ ತೇಲಿಸಿದ ಸೋಯಾ ಗಿಣ್ಣು. ಅಲ್ಲದೆ, ಪ್ರತಿ ಚಾಂದ್ರಮಾನ ತಿಂಗಳ ಹದಿನಾಲ್ಕನೆಯ ರಾತ್ರಿ ಹಳೆಯ ಪೇಟೆಯ ವಿದ್ಯುದ್ದೀಪಗಳನ್ನು ಆರಿಸಿ ಗೂಡುದೀಪಗಳನ್ನು ಬೆಳಗುವ ಉತ್ಸವ ಉಂಟು, 1998ರಿಂದ ನಡೆದುಬಂದಿದೆ. ಆ ದಿನ ಹೋದರೆ ದೀಪವನ್ನೂ ನೋಡಿ ಮರುದಿನ ಹುಣ್ಣಿಮೆಯ ಊಟವನ್ನೂ ಮಾಡಬಹುದು.

ಇಷ್ಟು ದೊಡ್ಡ ಬಂದರು ಹೀಗೆ ಹಳೆಯ ರೂಪದಲ್ಲೇ ಹೇಗೆ ಉಳಿಯಿತು? ಅದಕ್ಕೆ ಕಾರಣ ಊರಿನ ದುರದೃಷ್ಟ. ನದಿಯ ಬಾಯಿ ಹೂಳಿನಿಂದ ತುಂಬಿತು. ದೊಡ್ಡ ಹಡಗುಗಳು ಬರಲಾರದಾದವು. ಫ್ರೆಂಚರು ಡಾ ನಾಂಗ್ ಬಂದರನ್ನು ಬೆಳೆಸಿದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ವ್ಯಾಪಾರವೆಲ್ಲ ಅತ್ತ ಹೋಗಿತ್ತು. ಹಣವಿಲ್ಲದ ಊರಿನಲ್ಲಿ ಹಳೆಯ ಮನೆ ಕೆಡವಿ ಹೊಸತು ಕಟ್ಟುವವರು ಯಾರು? ಹೀಗೆ ಊರು ನೂರು ವರ್ಷ ಮಲಗಿಬಿಟ್ಟಿತು. 1980ರ ದಶಕದಲ್ಲಿ ಮೀ ಸನ್ ಗುಡಿಗಳ ಕೆಲಸಕ್ಕೆ ಬಂದಿದ್ದ ಪೋಲೆಂಡಿನ ವಾಸ್ತುತಜ್ಞ ಕಾಜಿಮಿಯೆಜ್ ಕ್ವಿಯತ್‌ಕೋವ್‌ಸ್ಕಿ ಇದರ ಬೆಲೆಯನ್ನು ಕಂಡು, ಉಳಿಸಿಕೊಳ್ಳಿರೆಂದು ಊರವರಿಗೆ ಒತ್ತಿ ಹೇಳಿದ. ಆತ 1997ರಲ್ಲಿ ತೀರಿಕೊಂಡ. 1999ರಲ್ಲಿ ಯುನೆಸ್ಕೊ ಹೊಯ್ ಆನ್ ಪಟ್ಟಣವನ್ನೂ ಮೀ ಸನ್ ಗುಡಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನಲ್ಲಿ ಆತನ ಶಿಲ್ಪವೊಂದಿದೆ.

ಬಡತನದಲ್ಲಿ ಉಳಿದ ಊರು ಸಿರಿಯಲ್ಲಿ ಉಳಿದೀತೆ? ಇಂದಿನ ಪ್ರಶ್ನೆ ಇದು. ಹಳೆಯ ಮನೆಗಳು ಅನೇಕವು ಪ್ರವಾಸಿಗಳ ಅಂಗಡಿಗಳಾಗಿವೆ. ಮನೆಯವರು ಬಾಡಿಗೆಗೆ ಕೊಟ್ಟು ಊರ ಹೊರಗೆ ಹೋಗಿದ್ದಾರೆ. ಪ್ರತಿ ಮಳೆಗಾಲ ನದಿ ಬೀದಿಗೆ ಬರುತ್ತದೆ; 2025ರ ಅಕ್ಟೋಬರ್ ಕೊನೆಯ ಪ್ರವಾಹದಲ್ಲಿ ಹಳೆಯ ಪೇಟೆಯ ಬೀದಿಗಳು ಮುಳುಗಿ ಜನ ದೋಣಿಯಲ್ಲಿ ಓಡಾಡಿದರು. 2020 ಮತ್ತು 2021ರ ಸಾಂಕ್ರಾಮಿಕದಲ್ಲಿ ಪ್ರವಾಸಿಗಳೇ ಇಲ್ಲದೆ ಬೀದಿ ಬರಿದಾಯಿತು. ಇಷ್ಟರ ನಡುವೆ ಕಾವ್ ಲಾವ್ ಶಾವಿಗೆಯನ್ನು ಹಳೆಯ ಕ್ರಮದಲ್ಲಿ ಮಾಡುವ ಮನೆಗಳು ಬೆರಳೆಣಿಕೆಯಷ್ಟು. ನಡುರಾತ್ರಿ ಕಳೆದು ಎದ್ದು ಒಲೆ ಹೊತ್ತಿಸಿ, ಬೆಳಗಾಗುವ ಮುನ್ನ ಎಳೆ ಸಿದ್ಧಮಾಡುವ ದುಡಿಮೆ ಅದು. ಗೂಡುದೀಪ ತೂಗಿಸಿದ ಅಂಗಡಿಯಲ್ಲಿ ಬಟ್ಟೆ ಮಾರಿದರೆ ಸುಲಭವಾಗಿ ಹೆಚ್ಚು ಸಂಪಾದನೆಯಾಗುವಾಗ, ಮಕ್ಕಳು ಬೂದಿನೀರಿನಲ್ಲಿ ಕೈ ಅದ್ದುವರೆ?

ಪ್ರವಾಸಿಗಳಾದ ನೀವು ಇದಕ್ಕೆ ಮಾಡಬಹುದಾದದ್ದು ಒಂದಿಷ್ಟು ಉಂಟು. ಮಾರ್ಗದರ್ಶಕರೊಡನೆ ಸಣ್ಣ ಗುಂಪಿನಲ್ಲಿ ಹೋಗುವುದಾದರೆ ಆ ಊರಿನಲ್ಲಿ ಹುಟ್ಟಿ ಬೆಳೆದವರನ್ನು ಆರಿಸಿ. ಒಂದು ಕಡೆ ಹೊಟ್ಟೆ ತುಂಬ ತಿನ್ನದೆ ನಾಲ್ಕು ಕಡೆ ಸ್ವಲ್ಪ ಸ್ವಲ್ಪ ತಿನ್ನಿ. ಒಂದು ಬಟ್ಟಲನ್ನು ಇಬ್ಬರು ಹಂಚಿಕೊಂಡರೆ ಅಲ್ಲಿ ತಪ್ಪಲ್ಲ. ಕಾವಡಿ ಹೊತ್ತು ಬರುವ ಹೆಂಗಸರಲ್ಲಿ ಕೇಳಿ ತಿನ್ನಿ. ಬೆಲೆಯನ್ನು ಮೊದಲೇ ವಿಚಾರಿಸಿ, ಆಮೇಲೆ ಚೌಕಾಸಿ ಮಾಡಬೇಡಿ. ಅವರ ಮುಖದ ಚಿತ್ರ ತೆಗೆಯುವ ಮುನ್ನ ಕಣ್ಣಿನಲ್ಲೇ ಒಪ್ಪಿಗೆ ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ತಿಂದದ್ದನ್ನು ಮಾಡಿದವರು ಯಾರು, ಎಲ್ಲಿ ಮಾಡಿದರು ಎಂದು ಕೇಳಿ. ಆ ಪ್ರಶ್ನೆ ಬರುವವರೆಗೆ ಬೂದಿನೀರಿನ ಶಾವಿಗೆಗೂ ಯಂತ್ರದ ಶಾವಿಗೆಗೂ ಅಂಗಡಿಯವನ ಲೆಕ್ಕದಲ್ಲಿ ಭೇದವಿಲ್ಲ.

ಒಂಬತ್ತೂವರೆ ಹತ್ತರ ಹೊತ್ತಿಗೆ ದೀಪಗಳು ಒಂದೊಂದಾಗಿ ಆರುತ್ತವೆ, ಪೀಠಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆ. ನೀವು ತಂಗುಮನೆಗೆ ಮರಳಿ ನಿದ್ದೆಹೋದ ಕೆಲವು ಗಂಟೆಗಳಲ್ಲೇ ಊರ ಹೊರಗಿನ ಯಾವುದೋ ಹಿತ್ತಿಲಲ್ಲಿ ಒಬ್ಬ ಗೃಹಿಣಿ ಎದ್ದು, ನೆನೆದ ಅಕ್ಕಿಯನ್ನು ಬೆರಳಿನಿಂದ ಹಿಸುಕಿ ಹದ ನೋಡುತ್ತಿರುತ್ತಾಳೆ. ಬೆಳಿಗ್ಗೆ ಅಲ್ಲಿಂದ ಹೊರಡುವ ಮುನ್ನ ಇನ್ನೊಂದು ಬಟ್ಟಲು ತಿಂದೇ ಹೊರಡಿ.